ಎಸ್‌ಟಿಪಿ ಎಷ್ಟು ದೊಡ್ಡದು ಅನ್ನೋದು ಆಮೇಲೆ, ಅದಕ್ಕೆ ನೀರು ಬರೋದು ಹೇಗೆ ಅಂತ ಮೊದಲು ಕೇಳಿ

ಪ್ರಶ್ನೆ: ನಮಸ್ಕಾರ ಸರ್. ನಾನು ಇಂಡಿ ತಾಲ್ಲೂಕಿನವನು, ಪುಣೆಗೆ ಬಂದು ಬಹಳ ವರ್ಷ ಆಯಿತು. ನಾವಿರುವ ಹಳ್ಳಿ 2021ರಲ್ಲಿ ಮಹಾನಗರಪಾಲಿಕೆಗೆ ಸೇರಿತು. ಈಗ ಇಲ್ಲಿನ ಓಢಾ (ಹಳ್ಳ) ಪಕ್ಕದಲ್ಲಿ 60 ಎಂಎಲ್‌ಡಿಯ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಕಟ್ಟುವ ಮಾತು ನಡೆದಿದೆ. ನಮ್ಮ ಸೊಸೈಟಿಯಲ್ಲಿ ಎರಡು ಗುಂಪಾಗಿದೆ. ಒಂದು ಗುಂಪು, ಮುಂದಿನ 30 ವರ್ಷಕ್ಕೆ ಸಾಕಾಗುವಷ್ಟು ಒಂದೇ ಸಲ ಕಟ್ಟಿಬಿಡಲಿ ಅನ್ನುತ್ತದೆ. ಇನ್ನೊಂದು ಗುಂಪು, ಸೊಸೈಟಿಗಳಲ್ಲೇ ಎಸ್‌ಟಿಪಿ ಇವೆ, ಇದು ಯಾಕೆ ಬೇಕು, ವಾಸನೆ ಬರುತ್ತೆ ಅನ್ನುತ್ತದೆ. ಹರಕತಿ–ಸೂಚನೆ (ಆಕ್ಷೇಪ, ಸಲಹೆ) ಬರೆದು ಕೊಡಲು ಅವಕಾಶ ಇದೆ. ಸೈಜ್ ಹೇಗೆ ನಿರ್ಧಾರ ಮಾಡುತ್ತಾರೆ? ನಾವು ಏನು ಕೇಳಬೇಕು?

ಉತ್ತರ: ನಮಸ್ಕಾರ. ನಿಮ್ಮ ಎರಡೂ ಗುಂಪು ಘಟಕದ ಬಗ್ಗೆಯೇ ಜಗಳ ಆಡುತ್ತಿವೆ. ಪೈಪಿನ ಬಗ್ಗೆ ಯಾರೂ ಮಾತಾಡಿದ ಹಾಗೆ ಕಾಣಲಿಲ್ಲ. ನಾನು ಈ ಕೆಲಸದಲ್ಲಿ ನೋಡಿದ್ದರಲ್ಲಿ ಹಣ ಹಾಳಾಗುವುದು ಹೆಚ್ಚಾಗಿ ಅಲ್ಲೇ. ಘಟಕಕ್ಕೆ ಭೂಮಿಪೂಜೆ ಆಗುತ್ತದೆ, ಫೋಟೋ ಬರುತ್ತದೆ, ಟ್ಯಾಂಕು ಏಳುತ್ತದೆ, ಆದರೆ ಮನೆಗಳಿಂದ ಅಲ್ಲಿಗೆ ಕೊಳಚೆ ತಂದು ಮುಟ್ಟಿಸುವ ಲೈನ್ ಅರ್ಧಕ್ಕೇ ನಿಂತಿರುತ್ತದೆ. ರಸ್ತೆ ಅಗೆಯಲು ಪರವಾನಗಿ ಇಲ್ಲ, ನಡುವೆ ಯಾರದೋ ಜಾಗ ಬರುತ್ತದೆ, ರೈಲ್ವೆ ಹಳಿ ದಾಟಬೇಕು, ಹೀಗೆ.

ದೇಶದ ಲೆಕ್ಕ ನೋಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020–21ರ ಲೆಕ್ಕದಲ್ಲಿ ನಮ್ಮ ನಗರಗಳು ದಿನಕ್ಕೆ 72,368 ಎಂಎಲ್‌ಡಿ ಕೊಳಚೆ ಹುಟ್ಟಿಸುತ್ತವೆ. ಒಂದು ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಕಟ್ಟಿರುವ ಘಟಕಗಳ ಸಾಮರ್ಥ್ಯ 31,841. ಅಂದರೆ ಅರ್ಧಕ್ಕಿಂತ ಕಡಿಮೆ. ಇಲ್ಲಿವರೆಗೆ ಎಲ್ಲರೂ ಹೇಳುತ್ತಾರೆ, ಇನ್ನೂ ಘಟಕ ಕಟ್ಟಿ ಅಂತ. ಆದರೆ ಅದೇ ವರದಿಯ ಮುಂದಿನ ಅಂಕಿ ನೋಡಿದರೆ, ನಿಜವಾಗಿ ಶುದ್ಧವಾಗುತ್ತಿರುವುದು ಸುಮಾರು 20,236 ಎಂಎಲ್‌ಡಿ ಅಷ್ಟೇ. ಇರುವ ಘಟಕಗಳೇ ಮೂರರಲ್ಲಿ ಒಂದು ಪಾಲು ಖಾಲಿ ಅಥವಾ ಬಂದ್. ಒಂದು ಕಡೆ ನದಿಯಲ್ಲಿ ಕೊಳಚೆ ಹರಿಯುತ್ತಿದೆ, ಇನ್ನೊಂದು ಕಡೆ ಟ್ಯಾಂಕು ಒಣಗಿದೆ!

ಈಗ ನಿಮ್ಮ 60 ಎಂಎಲ್‌ಡಿಗೆ ಬರೋಣ. ಈ ಅಂಕಿ ಸುಮ್ನೆ ಆಕಾಶದಿಂದ ಬಿದ್ದಿರುವುದಿಲ್ಲ, ಅದರ ಹಿಂದೆ ಒಂದು ಜನಸಂಖ್ಯೆ ಇರುತ್ತದೆ. ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ ಕೈಪಿಡಿ ಅಂತ ಒಂದಿದೆ, 2013ರದು, ದೇಶದ ಎಲ್ಲ ಒಳಚರಂಡಿ ಯೋಜನೆಗೂ ಅದೇ ಆಧಾರ. ಅದರ ಪ್ರಕಾರ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ನೀರು, ಮಹಾನಗರವಾದರೆ 150. ಅದರಲ್ಲಿ ಶೇಕಡ 80 ಭಾಗ ಗಟಾರಕ್ಕೆ ಬರುತ್ತದೆ ಅಂತ ಹಿಡಿಯುತ್ತಾರೆ. 135ರ ಲೆಕ್ಕ ಹಿಡಿದರೆ ತಲೆಗೆ 108 ಲೀಟರ್. ಹಿಂದಿನಿಂದ ಭಾಗಿಸಿ: 60 ಎಂಎಲ್‌ಡಿ ಅಂದರೆ ಸುಮಾರು ಐದೂವರೆ ಲಕ್ಷ ಜನ. 150ರ ಲೆಕ್ಕದಲ್ಲಿ ಐದು ಲಕ್ಷ. ನಿಮ್ಮ ಕಡೆ ಇವತ್ತು ಅಷ್ಟು ಜನ ಇದ್ದಾರಾ? ಇಲ್ಲ ಅಂದರೆ ಯಾವ ವರ್ಷಕ್ಕೆ ಅಷ್ಟಾಗುತ್ತಾರೆ ಅಂತ ಬರೆದಿದ್ದಾರೆ? ನೀವು ಕೇಳಬೇಕಾದ ಮೊದಲ ಕಾಗದ ಇದೇ. ಡಿಪಿಆರ್‌ನಲ್ಲಿ, ಅಂದರೆ ಯೋಜನೆಯ ವಿವರವಾದ ವರದಿಯಲ್ಲಿ, ಜನಸಂಖ್ಯೆಯ ಒಂದು ಕೋಷ್ಟಕ ಇರಲೇಬೇಕು.

ಆ ಕೋಷ್ಟಕವನ್ನು ಸ್ವಲ್ಪ ಅನುಮಾನದಿಂದಲೇ ಓದಿ. ನಮ್ಮ ಹತ್ತಿರ ಪೂರ್ತಿ ಗಣತಿ ಇರುವುದು 2011ರದು. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಯಿತು. 2011ರಲ್ಲಿ ಪುಣೆ ಪಾಲಿಕೆ ವ್ಯಾಪ್ತಿಯಲ್ಲಿ 31 ಲಕ್ಷ ಜನ ಇದ್ದರು, ಪಕ್ಕದ ಪಿಂಪ್ರಿ–ಚಿಂಚವಡದಲ್ಲಿ 17 ಲಕ್ಷ. ಆದರೆ ಪಿಂಪ್ರಿ–ಚಿಂಚವಡ 2001ರಲ್ಲಿ ಬರೀ 10 ಲಕ್ಷ ಇತ್ತು. ಹತ್ತೇ ವರ್ಷದಲ್ಲಿ ಶೇಕಡ 70 ಬೆಳೆದ ಊರು ಅದು. ಹೀಗೆ ಬೆಳೆಯುವ ಊರಲ್ಲಿ ಹಳೆಯ ಗಣತಿಯ ಗೆರೆಯನ್ನು ಸ್ಕೇಲ್ ಇಟ್ಟು ಮುಂದಕ್ಕೆ ಎಳೆದರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೋ ಹೇಳಲಾಗದು. ಹಳ್ಳಿ ಇದ್ದಾಗಿನ ಗೆರೆ ಎಳೆದರೆ ಬಹಳ ಕಡಿಮೆ ಬರುತ್ತದೆ, ಬಿಲ್ಡರ್‌ಗಳ ಬ್ರೋಷರ್ ನಂಬಿದರೆ ಬಹಳ ಜಾಸ್ತಿ. ಹಾಗಾಗಿ ಒಳ್ಳೆಯ ಯೋಜಕರು ಬೇರೆ ಬೇರೆ ಕಡೆಯಿಂದ ತಾಳೆ ನೋಡುತ್ತಾರೆ. ಮನೆ ಬಳಕೆಯ ಕರೆಂಟ್ ಮೀಟರ್ ಎಷ್ಟು, ಆಸ್ತಿ ತೆರಿಗೆಯ ಪಟ್ಟಿಯಲ್ಲಿ ಮನೆ ಎಷ್ಟು, ಕಟ್ಟಡ ಮುಗಿದ ಪ್ರಮಾಣಪತ್ರ ಎಷ್ಟು ಕೊಟ್ಟಿದ್ದಾರೆ, ವಿಕಾಸ ಯೋಜನೆಯಲ್ಲಿ ಆ ಜಾಗಕ್ಕೆ ಎಷ್ಟು ಎಫ್‌ಎಸ್‌ಐ ಇದೆ, ಅಂದರೆ ಜಾಗದ ಎಷ್ಟು ಪಟ್ಟು ಕಟ್ಟಲು ಬಿಡುತ್ತಾರೆ.

ನಕ್ಷೆಯೇ ಬದಲಾಗುವ ಊರು ಇದು, ಅದನ್ನೂ ಮರೆಯಬೇಡಿ. ಪುಣೆಯ ಮುಳಾ–ಮುಠಾ ನದಿ ಶುದ್ಧೀಕರಣಕ್ಕೆ ಜಪಾನಿನ ಜೈಕಾ ಸಂಸ್ಥೆಯ ಸಾಲದ ಒಪ್ಪಂದ ಆಗಿದ್ದು 2016ರ ಜನವರಿಯಲ್ಲಿ. 11 ಹೊಸ ಎಸ್‌ಟಿಪಿ, ಒಟ್ಟು 396 ಎಂಎಲ್‌ಡಿ, ಸುಮಾರು 990 ಕೋಟಿ ರೂಪಾಯಿ. ಆಗ ಇದ್ದ ಸಾಮರ್ಥ್ಯ 477. ಒಪ್ಪಂದ ಆದ ಮರುವರ್ಷವೇ, 2017ರಲ್ಲಿ, 11 ಹಳ್ಳಿ ಪಾಲಿಕೆಗೆ ಸೇರಿದವು. 2021ರಲ್ಲಿ ಮತ್ತೆ 23, ಅದರಲ್ಲಿ ನಿಮ್ಮದೂ ಒಂದು. ಅಂದರೆ ಟ್ಯಾಂಕಿಗೆ ಕಾಂಕ್ರೀಟ್ ಹಾಕುವ ಮುಂಚೆಯೇ ಊರು ಹಿಗ್ಗಿತು. ಇದಕ್ಕೆ ಯಾವ ಎಂಜಿನಿಯರನ್ನೂ ಬೈಯಲು ಬರುವುದಿಲ್ಲ. ಆದರೆ ಇದರಿಂದ ಒಂದು ಪಾಠ ಕಲಿಯಬಹುದು, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮಂಥ ಹೊಸದಾಗಿ ಸೇರಿದ ಪ್ರದೇಶದಲ್ಲಿ ಇನ್ನೊಂದು ಲೆಕ್ಕ ತಪ್ಪುತ್ತದೆ. ಪಾಲಿಕೆ ಎಷ್ಟು ನೀರು ಕೊಡುತ್ತದೆಯೋ ಅದರ ಶೇಕಡ 80 ಕೊಳಚೆ ಅಂತ ಕೆಲವರು ಹಿಡಿದುಬಿಡುತ್ತಾರೆ. ಪುಣೆಯ ಹಳೇ ಪೇಟೆಗಳಿಗೆ ಅದು ಸರಿ ಹೋಗಬಹುದು, ಖಡಕ್‌ವಾಸ್ಲಾ ಅಣೆಕಟ್ಟಿನ ನೀರು ನಲ್ಲಿಯಲ್ಲಿ ಬರುತ್ತದೆ. ನಿಮ್ಮ ಕಡೆ? 300 ಫ್ಲ್ಯಾಟಿನ ಒಂದು ಸೊಸೈಟಿ ಅಂತ ಇಟ್ಟುಕೊಳ್ಳಿ, ಸುಮಾರು ಸಾವಿರ ಜನ. ಹತ್ತು ಸಾವಿರ ಲೀಟರಿನ ಟ್ಯಾಂಕರ್ ದಿನಕ್ಕೆ ಹನ್ನೆರಡು ಬಂದರೆ ತಲೆಗೆ 120 ಲೀಟರ್ ಆಯಿತು. ಮೇಲೆ ಬೋರ್‌ವೆಲ್ಲಿನ ನೀರು ಬೇರೆ. ಇದು ಯಾವುದೂ ಪಾಲಿಕೆಯ ನೀರಿನ ಪುಸ್ತಕದಲ್ಲಿ ಇಲ್ಲ, ಆದರೆ ಎಲ್ಲವೂ ಗಟಾರಕ್ಕೇ ಇಳಿಯುತ್ತದೆ. ನಿಮ್ಮ ಸೊಸೈಟಿಯ ಲೆಕ್ಕದ ಪುಸ್ತಕದಲ್ಲಿ ಟ್ಯಾಂಕರ್ ಬಿಲ್ ಇದ್ದೇ ಇರುತ್ತದೆ ಅಲ್ವಾ? ಅಕ್ಕಪಕ್ಕದ ಎಂಟು–ಹತ್ತು ಸೊಸೈಟಿಗಳ ಒಂದು ವರ್ಷದ ಬಿಲ್ ಒಟ್ಟು ಹಾಕಿ ಹರಕತಿ ಅರ್ಜಿಗೆ ಲಗತ್ತಿಸಿ. ಸಲಹೆಗಾರರ ಕಂಪನಿಗೂ ಆ ಅಂಕಿ ಸುಲಭಕ್ಕೆ ಸಿಗುವುದಿಲ್ಲ.

ಕಾಗದದ ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಓಢಾದಲ್ಲಿ ಇಳಿದು ಅಳೆಯಲೇಬೇಕು. ಹೇಗೆ ಅಳೆಯುತ್ತಾರೆ ಅಂದರೆ, ನಾಲೆಗೆ ಅಡ್ಡಲಾಗಿ ತಗಡಿನ ಒಂದು ಹಲಗೆ ನಿಲ್ಲಿಸುತ್ತಾರೆ, ನಡುವೆ ವಿ ಆಕಾರದಲ್ಲಿ ಕತ್ತರಿಸಿರುತ್ತಾರೆ. ಆ ಸೀಳಿನಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಅಂತ ಗಂಟೆಗೊಮ್ಮೆ ಬರೆಯುತ್ತಾ ಹೋದರೆ ಹರಿವು ಗೊತ್ತಾಗುತ್ತದೆ. ರಾತ್ರಿ ಮೂರು ಗಂಟೆಗೆ ಬೆರಳಿನಷ್ಟು ಹರಿಯುವ ನೀರು ಬೆಳಿಗ್ಗೆ ಏಳೂವರೆಗೆ ಸೀಳು ತುಂಬಿ ಹಲಗೆಯ ಮೇಲೆ ಬರಲು ನೋಡುತ್ತದೆ, ಸಾಬೂನಿನ ನೊರೆ ಸಮೇತ. ಹತ್ತು ಗಂಟೆಗೆ ಜನ ಆಫೀಸಿಗೆ ಹೋದ ಮೇಲೆ ಮತ್ತೆ ಇಳಿಯುತ್ತದೆ. ಈ ಏರಿಳಿತಕ್ಕೇ ಕೈಪಿಡಿಯಲ್ಲಿ ಒಂದು ಗುಣಕ ಇದೆ: 50 ಸಾವಿರದಿಂದ ಏಳೂವರೆ ಲಕ್ಷ ಜನಸಂಖ್ಯೆಗೆ ಸರಾಸರಿಯ 2.25 ಪಟ್ಟು. ಪೈಪು, ಪಂಪು, ಕಸ ತಡೆಯುವ ಜಾಲರಿ ಎಲ್ಲವೂ ಆ ಏಳೂವರೆ ಗಂಟೆಯ ನೀರನ್ನು ತಡೆದುಕೊಳ್ಳಬೇಕು, ಸರಾಸರಿಯನ್ನಲ್ಲ.

ಅಳತೆ ಯಾವ ತಿಂಗಳಲ್ಲಿ ಮಾಡಿದರು ಅಂತಲೂ ಕೇಳಿ. ಮೇ ತಿಂಗಳಲ್ಲಿ ಮಾಡಿದ್ದರೆ ಅದು ಕೊಳಚೆ. ಜುಲೈನಲ್ಲಿ ಮಾಡಿದ್ದರೆ ಅರ್ಧ ಮಳೆ. ಎರಡೂ ಬೇಕು, ಬೇರೆ ಬೇರೆ ಆಗಿ. ಯಾಕೆಂದರೆ ನಮ್ಮ ಸೊಸೈಟಿಗಳಲ್ಲಿ ಟೆರೇಸಿನ ಮಳೆನೀರಿನ ಪೈಪನ್ನು ಹತ್ತಿರದ ಡ್ರೈನೇಜ್ ಚೇಂಬರಿಗೆ ಜೋಡಿಸಿಬಿಡುವ ಚಾಳಿ ಜಾಸ್ತಿ. ಜೋರು ಮಳೆ ಬಂದಾಗ ನಿಮ್ಮ ಗೇಟಿನ ಹತ್ತಿರದ ಚೇಂಬರ್ ಮುಚ್ಚಳ ತೆಗೆಸಿ ನೋಡಿ. ಕಪ್ಪು ನೀರಿನ ಬದಲು ತಿಳಿ ನೀರು ಭರ್ರನೆ ಹರಿಯುತ್ತಿದ್ದರೆ ನಿಮ್ಮ ಟೆರೇಸೇ ಅಲ್ಲಿಗೆ ಬಂದಿದೆ ಅಂತ ಅರ್ಥ. ಆ ನೀರು ಘಟಕಕ್ಕೆ ಹೋದರೆ ಅಲ್ಲಿ ಬ್ಯಾಕ್ಟೀರಿಯಾ ಸಮೇತ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಆಮೇಲೆ ಘಟಕ ಸರಿಯಾಗಲು ದಿನಗಟ್ಟಲೆ ಬೇಕು. ಪಾಲಿಕೆಯನ್ನು ಕೇಳುವ ಮುಂಚೆ ಇದೊಂದನ್ನು ನೀವೇ ಸರಿ ಮಾಡಿಕೊಳ್ಳಬಹುದು.

ಇನ್ನು, ಒಂದೇ ಸಲ ದೊಡ್ಡದಾಗಿ ಕಟ್ಟಿಬಿಡಲಿ ಅನ್ನುವವರಿಗೆ. ಈ ಘಟಕದಲ್ಲಿ ಕೆಲಸ ಮಾಡುವುದು ಯಂತ್ರ ಅಲ್ಲ, ಬ್ಯಾಕ್ಟೀರಿಯಾ. ಕೊಳಚೆಯೇ ಅದರ ಊಟ. 60 ಎಂಎಲ್‌ಡಿಯ ಟ್ಯಾಂಕಿಗೆ ಮೊದಲ ವರ್ಷಗಳಲ್ಲಿ ಎಂಟೋ ಹತ್ತೋ ಎಂಎಲ್‌ಡಿ ಬಂದರೆ ಮದುವೆ ಹಂಡೆಯಲ್ಲಿ ಇಬ್ಬರಿಗೆ ಅನ್ನ ಮಾಡಿದ ಹಾಗೆ, ಸೌದೆ ಪೂರ್ತಿ ಉರಿಯುತ್ತದೆ, ಅನ್ನ ತಳ ಹಿಡಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಗಾಳಿ ಊದುವ ದೊಡ್ಡ ಬ್ಲೋವರ್‌ಗಳನ್ನು ಒಂದು ಮಟ್ಟಕ್ಕಿಂತ ಕೆಳಗೆ ಓಡಿಸಲು ಬರುವುದಿಲ್ಲ, ಕರೆಂಟ್ ಸುಮ್ನೆ ಹೋಗುತ್ತದೆ. ಪೈಪಿನಲ್ಲೂ ಇದೇ ಕಥೆ. ದೊಡ್ಡ ಪೈಪಿನ ತಳದಲ್ಲಿ ಸ್ವಲ್ಪ ನೀರು ನಿಧಾನಕ್ಕೆ ಹರಿದರೆ ಹೊಲಸು ಕೆಳಗೆ ಕೂರುತ್ತದೆ. ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗ ದಿನಕ್ಕೊಮ್ಮೆಯಾದರೂ ಬರಬೇಕು ಅನ್ನುವುದು ಇದಕ್ಕೇ. ಕೂತ ಹೊಲಸು ಕೊಳೆತು ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದೇ. ಅದು ಪೈಪಿನ ಮೇಲ್ಭಾಗದಲ್ಲಿ ಗಂಧಕಾಮ್ಲವಾಗಿ ಕಾಂಕ್ರೀಟನ್ನೇ ತಿನ್ನುತ್ತದೆ. 30 ವರ್ಷ ಬಾಳಬೇಕಾದ ಪೈಪು ಅದಕ್ಕಿಂತ ಎಷ್ಟೋ ಮೊದಲೇ ಕುಸಿಯುತ್ತದೆ, ಮೇಲೆ ರಸ್ತೆಯಲ್ಲಿ ಗುಂಡಿ ಬಿದ್ದಾಗ ಜನ ರಸ್ತೆ ಗುತ್ತಿಗೆದಾರನನ್ನು ಬೈಯುತ್ತಾರೆ.

ಹಾಗಾದರೆ ಚಿಕ್ಕದು ಕಟ್ಟಬೇಕಾ? ಇಲ್ಲ. ಜಾಗ ಇವತ್ತೇ ಪೂರ್ತಿ ತೆಗೆದುಕೊಳ್ಳಬೇಕು, ಕಟ್ಟುವುದು ಹಂತ ಹಂತವಾಗಿ. ಪುಣೆಯಲ್ಲಿ ಇವತ್ತು ಸಿಗದ ಜಾಗ ಹತ್ತು ವರ್ಷದ ಮೇಲೆ ಸಿಗುತ್ತದೆ ಅಂತ ಕನಸು ಕಾಣಬಾರದು. 20 ಎಂಎಲ್‌ಡಿಯ ಮೂರು ಭಾಗ ಮಾಡಿ, ಮೊದಲನೆಯದು ಈಗ, ಎರಡನೆಯದು ಹರಿವು ಶೇಕಡ 75–80 ಮುಟ್ಟಿದಾಗ. ಮುಖ್ಯ ಪೈಪ್‌ಲೈನ್, ಕೊಳಚೆ ಒಳಬಂದು ಬೀಳುವ ಬಾವಿ, ಜಾಲರಿಯ ಕಾಂಕ್ರೀಟ್, ಇವು ಮಾತ್ರ ಮೊದಲೇ 30 ವರ್ಷದ ಅಳತೆಗೆ. ಯಾಕೆಂದರೆ ಇವುಗಳನ್ನು ಮತ್ತೆ ಒಡೆದು ಕಟ್ಟುವುದು ನರಕ. ಪಂಪು, ಬ್ಲೋವರ್‌ಗಳ ಆಯುಷ್ಯವೇ 15 ವರ್ಷ, ಅವನ್ನು ಮುಂದಿನ 30 ವರ್ಷಕ್ಕೆ ಇವತ್ತೇ ಕೊಳ್ಳುವುದರಲ್ಲಿ ಅರ್ಥ ಇಲ್ಲ. ನಕ್ಷೆ ಬದಲಾಗುವ ಊರಿನಿಂದ ಕಲಿಯುವ ಪಾಠ ಅಂತ ಮೇಲೆ ಹೇಳಿದ್ದು ಇದನ್ನೇ.

ಜಾಗದ ಮಾತು ಬಂತು. ಕೊಳಚೆ ತಾನಾಗಿ ಇಳಿದು ಬರಲಿ ಅಂತ ಘಟಕವನ್ನು ತಗ್ಗಿನಲ್ಲಿ, ನದಿ–ನಾಲೆಯ ಪಕ್ಕದಲ್ಲಿ ಇಡುತ್ತಾರೆ. ಅದು ಸರಿಯೇ, ಪಂಪಿನ ಖರ್ಚು ಉಳಿಯುತ್ತದೆ. ಆದರೆ ನೆರೆ ಬರುವುದೂ ಅಲ್ಲಿಗೇ. ಮಹಾರಾಷ್ಟ್ರದಲ್ಲಿ ನದಿಗೆ ಎರಡು ಗೆರೆ ಇವೆ. 25 ವರ್ಷಕ್ಕೊಮ್ಮೆ ಬರುವ ನೆರೆ ಮುಟ್ಟುವುದು ನೀಲಿ ಗೆರೆ, 100 ವರ್ಷಕ್ಕೊಮ್ಮೆ ಬರುವುದು ಮುಟ್ಟುವುದು ಕೆಂಪು ಗೆರೆ. 2019ರ ಸೆಪ್ಟೆಂಬರ್ 25ರ ರಾತ್ರಿ ಅಂಬಿಲ ಓಢಾ ಉಕ್ಕಿದ್ದು ಪುಣೆಯವರು ಯಾರೂ ಮರೆತಿಲ್ಲ, ಅದು ನದಿಯೂ ಅಲ್ಲ, ಬರೀ ಓಢಾ. ನಿಮ್ಮ ಘಟಕದ ಜಾಗ ಯಾವ ಗೆರೆಯ ಒಳಗಿದೆ, ಕರೆಂಟ್ ಪ್ಯಾನೆಲ್ಲು ಮತ್ತು ಜನರೇಟರ್ ಎಷ್ಟು ಎತ್ತರದಲ್ಲಿ ಕೂರುತ್ತವೆ ಅಂತ ಲಿಖಿತವಾಗಿ ಕೇಳಿ. ಟ್ಯಾಂಕು ಮುಳುಗಿದರೆ ತೊಳೆದುಕೊಳ್ಳಬಹುದು, ಪ್ಯಾನೆಲ್ ಮುಳುಗಿದರೆ ತಿಂಗಳುಗಟ್ಟಲೆ ಎಲ್ಲಾ ಕೊಳಚೆ ನೇರ ನದಿಗೆ.

ಹೊರಗೆ ಬಿಡುವ ನೀರು ಎಷ್ಟು ಶುದ್ಧ ಇರಬೇಕು ಅನ್ನುವುದರಲ್ಲಿ ಜನಕ್ಕೆ ಬಹಳ ಗೊಂದಲ ಇದೆ. ಬಿಒಡಿ ಅಂತ ಒಂದು ಅಳತೆ. ನೀರಿನಲ್ಲಿರುವ ಕೊಳೆಯನ್ನು ಬ್ಯಾಕ್ಟೀರಿಯಾ ತಿಂದು ಮುಗಿಸಲು ಎಷ್ಟು ಆಮ್ಲಜನಕ ಬೇಕು ಅನ್ನುವುದು. ಒಬ್ಬ ಮನುಷ್ಯನಿಂದ ದಿನಕ್ಕೆ 27 ಗ್ರಾಂ ಅಂತ ಕೈಪಿಡಿ ಹೇಳುತ್ತದೆ, 108 ಲೀಟರಿನಲ್ಲಿ ಕರಗಿಸಿದರೆ ಲೀಟರಿಗೆ 250 ಮಿಲಿಗ್ರಾಂ. ಇದನ್ನು ಎಷ್ಟಕ್ಕೆ ಇಳಿಸಬೇಕು? ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆಯಲ್ಲಿ ಮಹಾನಗರಗಳಿಗೆ, ಬಹುತೇಕ ರಾಜ್ಯ ರಾಜಧಾನಿಗಳಿಗೆ 20, ಉಳಿದ ಊರುಗಳಿಗೆ 30. ಆಮೇಲೆ 2019ರ ಏಪ್ರಿಲ್ 30ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 10 ಅಂತ ಹೇಳಿತು, ಜೊತೆಗೆ ಒಟ್ಟು ಸಾರಜನಕ 10, ಒಟ್ಟು ರಂಜಕ 1. ಹೊಸದಾಗಿ ಕಟ್ಟುವಾಗ ಕಟ್ಟುನಿಟ್ಟಿನ ಅಳತೆಗೇ ಕಟ್ಟಬೇಕು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಗಾಳಿ ಊದದ ಒಂದು ಕೋಣೆ ಬೇಕು, ಅಲ್ಲಿ ಸಾರಜನಕ ಹೋಗುತ್ತದೆ. ರಂಜಕಕ್ಕೆ ಸ್ವಲ್ಪ ರಾಸಾಯನಿಕ ಹಾಕಬೇಕು. ಮೊದಲೇ ಜಾಗ ಬಿಡದಿದ್ದರೆ ಆಮೇಲೆ ಸೇರಿಸುವುದು ಕಷ್ಟ.

ಸಾರಜನಕ, ರಂಜಕ ಯಾಕೆ ಅಷ್ಟು ಮುಖ್ಯ ಅಂತ ನೀವು ಇಂಡಿಯವರಾಗಿ ಕೇಳಬಾರದು! ಮುಳಾ–ಮುಠಾ ಮುಂದೆ ಭೀಮಾ ನದಿ ಸೇರುತ್ತದೆ, ಭೀಮಾ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಪಂಢರಪುರ ದಾಟಿ ನಿಮ್ಮ ಇಂಡಿ, ಅಫಜಲಪುರ, ಗಾಣಗಾಪುರ. ನಿಂತ ನೀರಿಗೆ ಸಾರಜನಕ–ರಂಜಕ ಬಿದ್ದರೆ ಅದು ಗೊಬ್ಬರ. ಪಾಚಿ, ಅಂತರಗಂಗೆ ಮೇಲೆ ಹಾಸಿಬಿಡುತ್ತದೆ. ಹೊಟ್ಟೆಗೆ ಹೋಗುವ ನೀರಿನ ವಿಷಯ ಇದು. ಬೆಳ್ಳಂದೂರು ಕೆರೆಯ ನೊರೆ ಟಿವಿಯಲ್ಲಿ ನೋಡಿ ನಕ್ಕವರು ಇಲ್ಲೂ ಇದ್ದಾರೆ, ಕಾರಣ ಎರಡೂ ಕಡೆ ಒಂದೇ ಜಾತಿಯದು.

ಯಾವ ತಂತ್ರಜ್ಞಾನ ಒಳ್ಳೆಯದು ಅಂತ ದಯವಿಟ್ಟು ವಾದ ಮಾಡಲು ಹೋಗಬೇಡಿ. ಎಸ್‌ಬಿಆರ್ (ಒಂದೇ ಟ್ಯಾಂಕಿನಲ್ಲಿ ಸರದಿಯಂತೆ ಶುದ್ಧ ಮಾಡುವ ವಿಧಾನ) ಜಾಗ ಕಡಿಮೆ ಕೇಳುತ್ತದೆ, ಸಾರಜನಕವನ್ನೂ ತೆಗೆಯುತ್ತದೆ, ನಮ್ಮ ಊರುಗಳಲ್ಲಿ ಈಗ ಅದೇ ಚಾಲ್ತಿ. ಎಂಬಿಆರ್ (ಮೆಂಬ್ರೇನ್ ಅನ್ನುವ ತೆಳು ಪೊರೆಯಲ್ಲಿ ಸೋಸುವುದು) ಇನ್ನೂ ಶುದ್ಧ ನೀರು ಕೊಡುತ್ತದೆ, ಖರ್ಚೂ ಜಾಸ್ತಿ, ಮೆಂಬ್ರೇನ್ ಬದಲಿಸುತ್ತಿರಬೇಕು. ಹಳೆಯ ವಿಧಾನಕ್ಕೆ ಜಾಗ ಹೆಚ್ಚು ಬೇಕು ಆದರೆ ಓಡಿಸುವುದು ಸುಲಭ. ಸಭೆಯಲ್ಲಿ ಯಾರಾದರೂ ಬಂದು ತಮ್ಮ ಕಂಪನಿಯ ವಿಶೇಷ ಪುಡಿ ಹಾಕಿದರೆ ಕರೆಂಟೇ ಬೇಡ ಅಂದರೆ ಚಹಾ ಕುಡಿಸಿ ಕಳಿಸಿ.

ಕೇಳಬೇಕಾದದ್ದು, ಓಡಿಸುವವರು ಯಾರು, ಹಣ ಎಲ್ಲಿಂದ ಅಂತ. ಘಟಕದ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಗಾಳಿ ಊದುವುದಕ್ಕೆ ಹೋಗುತ್ತದೆ. ಕಟ್ಟಿದವನಿಗೆ ಕಟ್ಟಿ ಮುಗಿಸಿದ ದಿನವೇ ಪೂರ್ತಿ ಹಣ ಕೊಟ್ಟುಬಿಟ್ಟರೆ ರಾತ್ರಿ ಬ್ಲೋವರ್ ಬಂದ್ ಮಾಡಿ ಕರೆಂಟ್ ಉಳಿಸುವ ಆಸೆ ಯಾರಿಗೆ ಬರುವುದಿಲ್ಲ ಹೇಳಿ. ಗಂಗಾ ನದಿಯ ಯೋಜನೆಗಳಲ್ಲಿ ಇದಕ್ಕೊಂದು ಉಪಾಯ ಮಾಡಿದರು: ಕಟ್ಟುವಾಗ ಶೇಕಡ 40 ಹಣ, ಉಳಿದ 60 ಮುಂದಿನ 15 ವರ್ಷದಲ್ಲಿ ಕಂತಿನಲ್ಲಿ, ಅದೂ ನೀರು ಶುದ್ಧ ಬಂದರೆ ಮಾತ್ರ. ನಿಮ್ಮ ಘಟಕದ ಟೆಂಡರಿನಲ್ಲಿ ಹೊರಹೋಗುವ ನೀರಿನ ಗುಣಕ್ಕೂ ಹಣಕ್ಕೂ ಏನಾದರೂ ಸಂಬಂಧ ಇದೆಯಾ ನೋಡಿ. ಆನ್‌ಲೈನ್ ಮೀಟರಿನ ಅಂಕಿ ಜನಕ್ಕೆ ಕಾಣುವಂತೆ ಗೇಟಿನ ಬೋರ್ಡಿನಲ್ಲಿ ಬರಲಿ ಅಂತ ಕೇಳಿ. ಒಳಬರುವ ನೀರಿನ ಮೀಟರ್ ಕೂಡ, ಬರೀ ಹೊರಹೋಗುವುದಲ್ಲ.

ಕೆಸರು. ಇದರ ಬಗ್ಗೆ ಸಾಮಾನ್ಯವಾಗಿ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. 20 ಎಂಎಲ್‌ಡಿಯ ಒಂದು ಭಾಗ ಪೂರ್ತಿ ಓಡಿದರೆ ದಿನಕ್ಕೆ ನಾಲ್ಕೈದು ಟನ್ ಒಣ ಕೆಸರು ಹುಟ್ಟುತ್ತದೆ. ಸೆಂಟ್ರಿಫ್ಯೂಜಿನಲ್ಲಿ ಹಿಂಡಿದ ಮೇಲೂ ಅದರಲ್ಲಿ ಶೇಕಡ 80 ನೀರೇ ಇರುತ್ತದೆ, ಅಂದರೆ ಹೊರಗೆ ಸಾಗಿಸಬೇಕಾದದ್ದು ದಿನಕ್ಕೆ 20ರಿಂದ 25 ಟನ್. ಎರಡು ಮೂರು ಟ್ರಕ್ಕು, ಪ್ರತಿದಿನ, ಮಳೆಗಾಲದಲ್ಲೂ. ಎಲ್ಲಿಗೆ? ರೈತರಿಗೆ ಗೊಬ್ಬರ ಅಂತ ಬರೆದಿರುತ್ತಾರೆ, ಆದರೆ ರೋಗಾಣು ಸಾಯದ, ಕಾರ್ಖಾನೆಯ ಲೋಹ ಸೇರಿದ ಕೆಸರನ್ನು ಹೊಲಕ್ಕೆ ಹಾಕಬಾರದು. ನಿಮ್ಮ ಸುತ್ತ ಲೋಹಕ್ಕೆ ಲೇಪ ಹಾಕುವ ಸಣ್ಣ ಕಾರ್ಖಾನೆ, ಗ್ಯಾರೇಜು ಇದ್ದರೆ ಅವುಗಳ ನೀರು ಈ ಲೈನಿಗೆ ಬರದಂತೆ ಏನು ಮಾಡಿದ್ದಾರೆ ಕೇಳಿ. ಕೆಸರು ಹೋಗುವ ಜಾಗದ ಹೆಸರು, ಸರ್ವೆ ನಂಬರ್ ಡಿಪಿಆರ್‌ನಲ್ಲಿ ಇಲ್ಲದಿದ್ದರೆ ಅದು ಅರ್ಧ ಯೋಜನೆ.

ವಾಸನೆಯ ಭಯ ಸುಳ್ಳಲ್ಲ. ಆದರೆ ಚೆನ್ನಾಗಿ ಗಾಳಿ ಸಿಗುವ ಟ್ಯಾಂಕು ನಾರುವುದಿಲ್ಲ, ಹಸಿ ಮಣ್ಣಿನ ವಾಸನೆ ಇರುತ್ತದೆ ಅಷ್ಟೇ. ನಾರುವುದು ಒಳಬರುವ ಬಾವಿ, ಜಾಲರಿಯಲ್ಲಿ ಸಿಕ್ಕ ಕಸ, ಕೆಸರಿನ ಶೆಡ್. ಈ ಮೂರನ್ನು ಮುಚ್ಚಿ, ಒಳಗಿನ ಗಾಳಿಯನ್ನು ಎಳೆದು ಶೋಧಿಸಿ ಬಿಡುವ ವ್ಯವಸ್ಥೆ ಟೆಂಡರಿನಲ್ಲೇ ಇರಬೇಕು. ಮಳೆಗಾಲದಲ್ಲಿ ಇಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಹಾಗಾಗಿ ಕೆಸರಿನ ಶೆಡ್ ನಿಮ್ಮ ಸೊಸೈಟಿಯ ಪಶ್ಚಿಮಕ್ಕೆ ಬರದಂತೆ ನಕ್ಷೆಯಲ್ಲೇ ನೋಡಿಕೊಳ್ಳಿ. ಒಂದು ಮಾತು ನಿಮ್ಮ ಎರಡನೇ ಗುಂಪಿಗೆ ಹೇಳಿ. ಇವತ್ತು ಓಢಾ ನಾರುತ್ತಿಲ್ಲವಾ? ಅದು ಘಟಕ ಇಲ್ಲದ ವಾಸನೆ.

ಸೊಸೈಟಿಯ ಎಸ್‌ಟಿಪಿಗಳ ವಿಷಯ. 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ ಯೋಜನೆಗೆ ಪರಿಸರ ಅನುಮತಿ ಬೇಕು, ಅದರ ಷರತ್ತಿನಲ್ಲಿ ಎಸ್‌ಟಿಪಿ ಇರುತ್ತದೆ. ಬಿಲ್ಡರ್ ಕಟ್ಟಿಕೊಟ್ಟು ಹೋಗುತ್ತಾನೆ, ಆಮೇಲೆ ಮೇಂಟೆನೆನ್ಸ್ ಜಾಸ್ತಿ ಅಂತ ಕಮಿಟಿಯವರು ಬಂದ್ ಮಾಡುತ್ತಾರೆ, ಬೈಪಾಸ್ ವಾಲ್ವ್ ತೆರೆದಿರುತ್ತದೆ. ಎಲ್ಲರೂ ಹೀಗೆ ಅಂತ ಅಲ್ಲ, ಆದರೆ ಯೋಜನೆ ಮಾಡುವವನು ಅವುಗಳನ್ನು ನಂಬಿ ಮುಖ್ಯ ಘಟಕದ ಸೈಜ್ ಇಳಿಸಲಾರ. ಹಳೇ ಗಾವಠಾಣದ (ಮೂಲ ಊರಿನ) ಮನೆಗಳಿಗೆ, ಸಾಲುಮನೆಯ ಚಾಳುಗಳಿಗೆ ಅದೂ ಇಲ್ಲ, ಸೆಪ್ಟಿಕ್ ಟ್ಯಾಂಕ್ ಅಷ್ಟೇ. ಅದನ್ನು ಖಾಲಿ ಮಾಡುವ ಟ್ಯಾಂಕರ್ ರಾತ್ರಿ ಎಲ್ಲಿ ಸುರಿಯುತ್ತದೆ ಅಂತ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಆ ಕೆಸರು ಸಾಮಾನ್ಯ ಕೊಳಚೆಗಿಂತ ಎಷ್ಟೋ ಪಟ್ಟು ಗಟ್ಟಿ. ಹೊಸ ಘಟಕದಲ್ಲಿ ಅದನ್ನು ಇಳಿಸಿಕೊಳ್ಳಲು ಪ್ರತ್ಯೇಕ ಜಾಗ ಇಡಲಿ ಅಂತ ಬರೆಯಿರಿ, ನಾಲ್ಕು ಸಾಲು ಸಾಕು, ಬಹಳ ಪುಣ್ಯದ ಕೆಲಸ ಆಗುತ್ತದೆ. ಮನೆಯಿಂದ ಲೈನಿಗೆ ಜೋಡಿಸುವ ಖರ್ಚು ಯಾರದ್ದು ಅಂತಲೂ ಸ್ಪಷ್ಟ ಆಗಬೇಕು. ಮನೆಯವರ ಮೇಲೆ ಹಾಕಿದರೆ ಗಾವಠಾಣದಲ್ಲಿ ಯಾರೂ ಜೋಡಿಸುವುದಿಲ್ಲ, ಘಟಕ ಖಾಲಿ ಕೂರುತ್ತದೆ.

ನಿಮ್ಮ ಸೊಸೈಟಿಯ ಘಟಕ ಓಡುತ್ತಿದ್ದರೆ ಮಾತ್ರ ನಿಲ್ಲಿಸಬೇಡಿ. ಆ ನೀರು ಫ್ಲಶ್‌ಗೆ, ಗಿಡಕ್ಕೆ ಹೋದರೆ ಅಷ್ಟು ಟ್ಯಾಂಕರ್ ಉಳಿಯುತ್ತದೆ. ದೊಡ್ಡ ಘಟಕದ ನೀರಿಗೂ ಗಿರಾಕಿ ಮೊದಲೇ ಗೊತ್ತಾಗಬೇಕು. ಬೆಂಗಳೂರಿನ ಕೆ.ಸಿ. ವ್ಯಾಲಿಯ ಘಟಕದಲ್ಲಿ ಶುದ್ಧವಾದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ, ಯೋಜನೆಯ ಅಳತೆ 440 ಎಂಎಲ್‌ಡಿ. ಪುಣೆಯಲ್ಲೂ ಮುಂಢ್ವಾದ ಜಾಕ್‌ವೆಲ್ಲಿನಿಂದ (ನದಿ ಪಕ್ಕದ ಪಂಪಿನ ಬಾವಿ) ನೀರೆತ್ತಿ ರೈತರ ಕಾಲುವೆಗೆ ಬಿಡುವ ವ್ಯವಸ್ಥೆ ಇದೆ. ನಿಮ್ಮ ಕಡೆ ಕಟ್ಟಡ ಕೆಲಸಕ್ಕೇ ಎಷ್ಟೊಂದು ನೀರು ಬೇಕು ನೋಡಿ. ಗೇಟಿನ ಹತ್ತಿರ ಒಂದು ಟ್ಯಾಂಕರ್ ತುಂಬಿಸುವ ಪಾಯಿಂಟ್ ಇಡಲಿ ಅಂತ ಸೂಚನೆ ಕೊಟ್ಟರೆ ಬೇಡ ಅನ್ನುವವರು ಯಾರೂ ಇರುವುದಿಲ್ಲ.

ಅರ್ಜಿ ಮರಾಠಿಯಲ್ಲೇ ಬರೆಸಿ, ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ, ಕಡೆಯ ತಾರೀಖಿನ ಮುಂಚೆ, ಒಳಬಂದ ಠಪ್ಪಾ ಹಾಕಿಸಿಕೊಂಡು ಇಟ್ಟುಕೊಳ್ಳಿ. ಘಟಕ ಬೇಕು ಬೇಡ ಅಂತ ಬರೆದರೆ ಒಂದು ಸಾಲಿನ ಉತ್ತರ ಬರುತ್ತದೆ. ಜನಸಂಖ್ಯೆಯ ಕೋಷ್ಟಕ ಕೊಡಿ, ಹರಿವಿನ ಅಳತೆಯ ದಿನಾಂಕ ಕೊಡಿ, ಮುಖ್ಯ ಲೈನಿನ ಎಷ್ಟು ಕಿಲೋಮೀಟರಿಗೆ ಜಾಗ ಸಿಕ್ಕಿದೆ ಹೇಳಿ ಅಂತ ಬರೆದರೆ ಯಾರಾದರೂ ಕಡತ ತೆರೆಯಲೇಬೇಕಾಗುತ್ತದೆ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿ. ಮುಖ್ಯ ಲೈನಿನ ಉದ್ದದ ನಕ್ಷೆ ಸಿಕ್ಕರೆ ನನಗೂ ಒಂದು ಪ್ರತಿ ಕಳಿಸಿ, ಎಲ್ಲೆಲ್ಲಿ ಅದು ಯಾರ ಹೊಲದಲ್ಲಿ ಹೋಗಿ ನಿಲ್ಲುತ್ತದೆ ಅಂತ ನೋಡಿ ಹೇಳುತ್ತೇನೆ.